ಮಕ್ಕಳು ಸಾಕಷ್ಟು ನೀರು ಕುಡೀತಿದಾರಾ? ಮೂತ್ರದ ಬಣ್ಣ ನೋಡಿ ತಿಳಿಯೋದು ಹೇಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಮುಜುಗರ ಆಗಬಹುದು. ಮಕ್ಕಳ ಮೂತ್ರದ ಬಣ್ಣ. ಹೌದು, ಅದೇ. ಊಟದ ಹೊತ್ತಲ್ಲಿ ಕೇಳ್ತಿದ್ರೆ ದಯವಿಟ್ಟು ಕ್ಷಮಿಸಿ. ಆದ್ರೆ ಬೇಸಿಗೇಲಿ ಮಗುವಿನ ಮೈಯೊಳಗೆ ನೀರು ಎಷ್ಟಿದೆ ಅಂತ ತಿಳಿಯೋಕೆ ಕಾಸು ಖರ್ಚಿಲ್ಲದ, ಯಂತ್ರ ಬೇಕಿಲ್ಲದ ಪರೀಕ್ಷೆ ಇದು. ದಿನಕ್ಕೆ ಐದಾರು ಸಲ ಅದು ತಾನಾಗೇ ನಮ್ಮ ಮುಂದೆ ಬರುತ್ತೆ. ನಾವು ನೋಡಲ್ಲ, ಅಷ್ಟೇ.

ನಾನು ಡಾಕ್ಟರ್ ಅಲ್ಲ, ಒಬ್ಬಳು ತಾಯಿ. ನಮ್ಮದು ಎಮ್ಮಿಗನೂರು. ಆಂಧ್ರದ ಕರ್ನೂಲು ಜಿಲ್ಲೆಯಲ್ಲೂ ಒಂದು ಎಮ್ಮಿಗನೂರಿದೆ. ನಾನು ಹೇಳ್ತಿರೋದು ಬಳ್ಳಾರಿ ಜಿಲ್ಲೆ, ಕಂಪ್ಲಿ ತಾಲೂಕಿನ ಎಮ್ಮಿಗನೂರು. ತುಂಗಭದ್ರೆಯ ನೀರು, ಭತ್ತದ ಗದ್ದೆ, ಮತ್ತೆ ಮಾರ್ಚ್ ಬಂತು ಅಂದ್ರೆ ತಲೆ ಮೇಲೆ ಕೆಂಡ.

ಒಂದು ಮಾರ್ಚ್ ತಿಂಗಳ ಕಥೆಯಿಂದಲೇ ಶುರು ಮಾಡ್ತೀನಿ. ಮಗಳು ಆಗ ನಾಲ್ಕನೇ ತರಗತಿ. ದಿನಾ ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿಸಿ ಕಳಿಸ್ತಿದ್ದೆ. ಸಂಜೆ ಬಾಟಲಿ ಹೋದ ಹಾಗೇ ವಾಪಸ್ ಬರ್ತಿತ್ತು. ಮಗಳು ಮಾತ್ರ ಹೋದ ಹಾಗೆ ಬರ್ತಿರಲಿಲ್ಲ. ತಲೆನೋವು ಅಂತಾಳೆ, ಸಿಡಿಸಿಡಿ ಅಂತಾಳೆ, ಊಟ ಬೇಡ ಅಂತಾಳೆ. ನಾನು ಬೈದೆ. ಮರುದಿನವೂ ಬೈದೆ. ಅವಳು ಯಾಕೆ ನೀರು ಕುಡೀತಿರಲಿಲ್ಲ ಅನ್ನೋದನ್ನ ಸ್ವಲ್ಪ ಹೊತ್ತಿಗೆ ಹೇಳ್ತೀನಿ. ಅದು ನನಗೆ ಗೊತ್ತಾಗಿದ್ದು ಒಂದು ಬಣ್ಣದಿಂದ.

ಬೆವರೇ ಕಾಣದ ಊರು

ಮೊದಲು ನಮ್ಮ ಕಡೆ ಬಿಸಿಲಿನ ಬಗ್ಗೆ ಒಂದು ಮಾತು. ಮಂಗಳೂರಿನ ಸೆಕೆ ಬೇರೆ, ಬಳ್ಳಾರಿ ಬಿಸಿಲು ಬೇರೆ. ಕರಾವಳಿಯ ಗಾಳಿಯಲ್ಲಿ ತೇವ ಇರುತ್ತೆ, ಬೆವರು ಮೈಮೇಲೇ ನಿಲ್ಲುತ್ತೆ, ಅಂಗಿ ಒದ್ದೆಯಾಗುತ್ತೆ. ಮೈಯಿಂದ ನೀರು ಹೋಗ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ನಮ್ಮಲ್ಲಿ ಒಣ ಗಾಳಿ. ಬೆವರು ಬಂದ ಕ್ಷಣಕ್ಕೇ ಆರಿಹೋಗುತ್ತೆ. ಮಗು ಮಧ್ಯಾಹ್ನ ಪೂರ್ತಿ ಕ್ರಿಕೆಟ್ ಆಡಿ ಬಂದ್ರೂ ಬೆನ್ನು ಒಣಗಿರುತ್ತೆ. ‘ಬೆವತೇ ಇಲ್ಲ, ನೀರ್ಯಾಕೆ ಬೇಕು’ ಅಂತ ನಾವು ಅಂದ್ಕೋತೀವಿ. ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಇದ್ರೆ ನೋಡಿ. ನೀರು ಹೋಗಿದೆ, ಉಪ್ಪು ಉಳಿದಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸ್ತಾರೆ. ದೊಡ್ಡವರಿಗೇ ಈ ಬಿಸಿಲು ಕಷ್ಟ ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯ್ತು. ಆ ಹೊತ್ತಲ್ಲೇ ಮಕ್ಕಳಿಗೆ ಬೇಸಿಗೆ ರಜೆ. ಕೆಲವರು ಎರಡನೇ ಬೆಳೆ ಕೊಯ್ಲಿಗೆ ಅಪ್ಪ ಅಮ್ಮನ ಹಿಂದೆ ಗದ್ದೆಗೆ ಹೋಗ್ತಾರೆ, ಕೆಲವರು ಚೈತ್ರ ಹುಣ್ಣಿಮೆ ಹೊತ್ತಿಗೆ ಹಂಪಿ ತೇರಿಗೆ ಹೋಗ್ತಾರೆ, ಉಳಿದವರು ಮೈದಾನದಲ್ಲಿ.

ಮಕ್ಕಳ ಮೈ ನಮ್ಮ ಮೈಯ ಚಿಕ್ಕ ರೂಪ ಅಲ್ಲ. ತೂಕಕ್ಕೆ ಹೋಲಿಸಿದ್ರೆ ಅವರ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಹೊರಗಿನ ಬಿಸಿ ಬೇಗ ಒಳಗೆ ಇಳಿಯುತ್ತೆ. ಮೇಲಾಗಿ ಆಟದ ಗುಂಗಲ್ಲಿ ಬಾಯಾರಿಕೆ ಮರೀತಾರೆ. ತೀರಾ ಚಿಕ್ಕವರಿಗೆ ಬಾಯಾರಿಕೆ ಅಂತ ಹೇಳೋಕೂ ಬರಲ್ಲ, ಅಳ್ತಾರೆ ಅಷ್ಟೇ.

ಹಳದಿ ಎಲ್ಲಿಂದ ಬಂತು?

ನಮ್ಮ ರಕ್ತದ ಕೆಂಪು ಕಣಗಳು ಹಳೇದಾದ ಮೇಲೆ ಒಡೀತವೆ. ಅದರಿಂದ ಬಿಲಿರುಬಿನ್ ಅನ್ನೋ ಬಣ್ಣ ಹುಟ್ಟುತ್ತೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನ ಬದಲಾಯಿಸ್ತವೆ, ಕೊನೆಗೆ ಯೂರೋಬಿಲಿನ್ ಅನ್ನೋ ಹಳದಿ ಬಣ್ಣವಾಗಿ ಅದು ಮೂತ್ರದಲ್ಲಿ ಹೊರಗೆ ಹೋಗುತ್ತೆ. ತಮಾಷೆ ಅಂದ್ರೆ, ಬ್ಯಾಕ್ಟೀರಿಯಾದ ಯಾವ ಕಿಣ್ವ ಈ ಕೆಲಸ ಮಾಡುತ್ತೆ ಅಂತ ಅಮೆರಿಕದ ವಿಜ್ಞಾನಿಗಳು ಗುರುತಿಸಿ ಪ್ರಕಟಿಸಿದ್ದು ತೀರಾ ಇತ್ತೀಚೆಗೆ, 2024ರಲ್ಲಿ.

ನಮಗೆ ಬೇಕಾದ ಲೆಕ್ಕ ಸುಲಭ. ದಿನದ ಬಣ್ಣ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಅದಕ್ಕೆ ಬೆರೆಯೋ ನೀರು ಮಾತ್ರ ಹೆಚ್ಚು ಕಡಿಮೆ ಆಗುತ್ತೆ. ಒಂದೇ ಚಿಟಿಕೆ ಅರಿಶಿನವನ್ನ ಒಂದು ಚೊಂಬು ನೀರಿಗೆ ಹಾಕಿ, ಒಂದು ಲೋಟಕ್ಕೂ ಹಾಕಿ ನೋಡಿ. ಲೋಟದ್ದು ಗಾಢ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡ ನೀರನ್ನ ಉಳಿಸಿಕೊಳ್ಳುತ್ತೆ, ಮೂತ್ರ ಕಡಿಮೆ ಬರುತ್ತೆ, ಬಣ್ಣ ಗಾಢ ಆಗುತ್ತೆ.

ಇದನ್ನ ಒಂದು ಅಳತೆಪಟ್ಟಿ ಮಾಡಿದ್ದು ಅಮೆರಿಕದ ಲಾರೆನ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಜೊತೆಗಾರರು, 1994ರಲ್ಲಿ. ತಿಳಿ ಹಳದಿಯಿಂದ ಕಂದು ಹಸಿರಿನವರೆಗೆ ಎಂಟು ಬಣ್ಣ. ಅದು ದೊಡ್ಡವರಿಗೆ, ಕ್ರೀಡಾಪಟುಗಳಿಗೆ ಅಂತ ಮಾಡಿದ್ದು. ಆಮೇಲೆ ಗ್ರೀಸ್ ದೇಶದಲ್ಲಿ 8ರಿಂದ 14 ವರ್ಷದ ಮಕ್ಕಳಲ್ಲೂ ಪರೀಕ್ಷೆ ಮಾಡಿ, ಮಕ್ಕಳಿಗೂ ಇದು ಹೊಂದುತ್ತೆ ಅಂತ ಕಂಡುಕೊಂಡರು.

ಆ ಪಟ್ಟಿ ನಮ್ಮ ಮನೇಲಿ ಇಲ್ಲ. ಆದ್ರೆ ಅಡುಗೆಮನೆ ಇದೆ, ಗದ್ದೆ ಇದೆ. ನಾನು ಮಗಳಿಗೆ ಹೇಳಿಕೊಟ್ಟ ಲೆಕ್ಕ ಹೀಗಿದೆ. ತೆಳು ನಿಂಬೆ ಪಾನಕದ ಬಣ್ಣ ಇದ್ರೆ, ಸರಿ ಇದೆ, ಆಟಕ್ಕೆ ಹೋಗು. ಒಣಗಿದ ಭತ್ತದ ಹುಲ್ಲಿನ ಬಣ್ಣ ಇದ್ರೆ, ಪರವಾಗಿಲ್ಲ, ಒಂದು ಲೋಟ ಕುಡಿದು ಹೋಗು. ಜೇನುತುಪ್ಪದ ಬಣ್ಣ ಇದ್ರೆ, ಆಟ ನಿಲ್ಲಿಸು, ನೆರಳಿಗೆ ಬಾ, ಕುಡಿ, ಕೂತ್ಕೋ. ಬೆಲ್ಲದ ಪಾನಕದ ಬಣ್ಣ ಬಂದ್ರೆ, ಅಮ್ಮನಿಗೆ ತಕ್ಷಣ ಹೇಳು.

ನೋಡೋದಕ್ಕೂ ಒಂದು ಕ್ರಮ

ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ನೋಡಿ ಹೆದರಬೇಡಿ. ರಾತ್ರಿಯೆಲ್ಲ ನೀರು ಕುಡಿದಿರಲ್ಲ, ಅದು ಗಾಢವಾಗೇ ಇರುತ್ತೆ. ಮಧ್ಯಾಹ್ನದ್ದು ಅಥವಾ ಶಾಲೆಯಿಂದ ಬಂದ ಮೇಲಿನದ್ದು ನೋಡಿ. ಮಣ್ಣಿನ ಮೇಲೆ ಹೋದ್ರೆ ಬಣ್ಣ ತಿಳಿಯಲ್ಲ. ಕಮೋಡಿನ ನೀರಲ್ಲಿ ಬೆರೆತ್ರೆ ಇರೋದಕ್ಕಿಂತ ತಿಳಿಯಾಗಿ ಕಾಣುತ್ತೆ. ಹಳದಿ ಬಲ್ಬಿನ ಬೆಳಕಲ್ಲಿ ಎಲ್ಲವೂ ಹಳದಿ. ಹಾಗಾಗಿ ವಾರಕ್ಕೆ ಒಂದೆರಡು ಸಲ, ಅದಕ್ಕೇ ಅಂತ ಇಟ್ಟ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ಹಿಡಿದು, ಹಗಲಿನ ಬೆಳಕಲ್ಲಿ, ಹಿಂದೆ ಬಿಳಿ ಕಾಗದ ಇಟ್ಟು ನೋಡಿ. ಒಂದು ಸಲದ ಬಣ್ಣಕ್ಕಿಂತ ಎರಡು ಮೂರು ದಿನ ಒಂದೇ ಥರ ಗಾಢ ಇದೆಯಾ ಅನ್ನೋದು ಮುಖ್ಯ.

ಬಣ್ಣದ ಜೊತೆ ಲೆಕ್ಕವೂ ಇರಲಿ. ಶಾಲೆಗೆ ಹೋಗೋ ಮಗು ಎಂಟು ಗಂಟೆ ಎಚ್ಚರವಿದ್ದೂ ಒಂದಕ್ಕೆ ಹೋಗಿಲ್ಲ ಅಂದ್ರೆ, ಬಣ್ಣ ನೋಡೋ ಅಗತ್ಯವೇ ಇಲ್ಲ. ಅದೇ ಸುದ್ದಿ.

ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಗೊತ್ತಿತ್ತು. ‘ಮಗೂಗೆ ಉಷ್ಣ ಆಗೇತಿ, ಉರಿಮೂತ್ರ’ ಅಂತಿದ್ರು. ಹೊಕ್ಕಳಿಗೆ ಹರಳೆಣ್ಣೆ ಹಚ್ಚೋರು, ಜೀರಿಗೆ ನೀರು, ಮಜ್ಜಿಗೆ, ಜೋಳದ ಅಂಬಲಿ ಕುಡಿಸೋರು. ಎಣ್ಣೆ ತಂಪು ಅನ್ನಿಸಿರಬಹುದು, ಕೆಲಸ ಮಾಡಿದ್ದು ಮಾತ್ರ ಹೊಟ್ಟೆಗೆ ಹೋದ ನೀರು. ನಾವು ಎಣ್ಣೆಯನ್ನ ನೆನಪಿಟ್ಟುಕೊಂಡು ಅಂಬಲಿಯನ್ನ ಮರೆತ್ವಿ.

ಬಣ್ಣ ಸುಳ್ಳು ಹೇಳೋ ಸಂದರ್ಭಗಳು

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಬಣ್ಣವನ್ನ ಕುರುಡಾಗಿ ನಂಬಬಾರದು.

ಒಂದು, ಹಸುಗೂಸು. ತೀರಾ ಚಿಕ್ಕ ಮಕ್ಕಳ ಮೂತ್ರಪಿಂಡಕ್ಕೆ ಮೂತ್ರವನ್ನ ನಮ್ಮಷ್ಟು ಗಟ್ಟಿ ಮಾಡೋ ಶಕ್ತಿ ಇನ್ನೂ ಬಂದಿರಲ್ಲ. ಬಣ್ಣ ತಿಳಿಯಾಗೇ ಇದ್ದು ಮಗು ಒಣಗಿರಬಹುದು. ಅವರಿಗೆ ಬಣ್ಣಕ್ಕಿಂತ ಎಣಿಕೆ ಮುಖ್ಯ. ಹುಟ್ಟಿ ಒಂದು ವಾರ ಆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಬಟ್ಟೆ ಒದ್ದೆ ಆಗಬೇಕು. ಹುಟ್ಟಿದ ಮೊದಲ ಕೆಲವು ದಿನ ಬಟ್ಟೆ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಕಂಡ್ರೆ ಅದು ಬಹಳ ಸಲ ಯೂರೇಟ್ ಹರಳು, ರಕ್ತ ಅಲ್ಲ. ಆದ್ರೆ ಆಮೇಲೂ ಹಾಗೇ ಮುಂದುವರಿದ್ರೆ ಮಗುವಿಗೆ ಹಾಲು ಸಾಲ್ತಿಲ್ಲ ಅಂತ ಅರ್ಥ ಇರಬಹುದು, ತೋರಿಸಿ.

ಮತ್ತೆ ಇನ್ನೊಂದು ಮಾತು, ಇದು ನಮ್ಮ ಮನೆಮನೆಯ ಜಗಳ. ‘ಇಷ್ಟು ಬಿಸಿಲು, ಕೂಸಿಗೆ ಎರಡು ಚಮಚ ನೀರು ಹಾಕ್ರೇ’ ಅಂತ ಹಿರಿಯರು ಹೇಳ್ತಾರೆ. ಪ್ರೀತಿಯಿಂದಲೇ ಹೇಳ್ತಾರೆ. ಆದ್ರೆ ಆರು ತಿಂಗಳು ತುಂಬೋವರೆಗೂ ಎದೆಹಾಲು ಒಂದೇ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಬಿಸಿಲಿನ ಊರಲ್ಲೂ ಅಷ್ಟೇ. ಎದೆಹಾಲಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ. ನೀರು ಹಾಕಿದ್ರೆ ಹೊಟ್ಟೆ ತುಂಬಿ ಕೂಸು ಹಾಲು ಬಿಡುತ್ತೆ, ನೀರು ಶುದ್ಧ ಇಲ್ಲ ಅಂದ್ರೆ ಭೇದಿ ಶುರು. ಬಿಸಿಲು ಹೆಚ್ಚಾದ್ರೆ ಕೂಸಿಗೆ ಎದೆಹಾಲು ಹೆಚ್ಚು ಸಲ ಕೊಡಿ, ನೀರನ್ನ ತಾಯಿಗೆ ಕೊಡಿ.

ಎರಡು, ತಿಂದದ್ದು ಮತ್ತು ಔಷಧಿ. ಬೀಟ್ರೂಟ್ ತಿಂದ್ರೆ ಕೆಲವರಿಗೆ ಕೆಂಪು. ಬಿ-ಕಾಂಪ್ಲೆಕ್ಸ್ ಟಾನಿಕ್ ಕುಡಿದ್ರೆ ಹೊಳೆಯೋ ಹಳದಿ. ಕ್ಷಯಕ್ಕೆ ಕೊಡೋ ರಿಫಾಂಪಿಸಿನ್‌ಗೆ ಕಿತ್ತಳೆ. ಇವಕ್ಕೂ ನೀರಿಗೂ ಸಂಬಂಧ ಇಲ್ಲ, ಮಾತ್ರೆ ನಿಲ್ಲಿಸಬೇಡಿ.

ಮೂರು, ರೋಗ. ಸಾಕಷ್ಟು ನೀರು ಕುಡಿದ ಮೇಲೂ ಮೂತ್ರ ಗಾಢ ಹಳದಿ, ಕಣ್ಣಿನ ಬಿಳಿ ಭಾಗವೂ ಹಳದಿ ಅಂದ್ರೆ ಕಾಮಾಲೆ ಇರಬಹುದು. ಕಪ್ಪು ಚಹಾದ ಬಣ್ಣ, ಕೋಲಾ ಬಣ್ಣ ಬಂತು, ಮುಖ ಊದಿದೆ, ಕೆಲವು ವಾರದ ಹಿಂದೆ ಗಂಟಲು ನೋವೋ ಚರ್ಮದ ಹುಣ್ಣೋ ಆಗಿತ್ತು ಅಂದ್ರೆ ಮೂತ್ರಪಿಂಡದ ಉರಿಯೂತ ಇರಬಹುದು. ಇವೆರಡಕ್ಕೂ ನೀರು ಕುಡಿಸಿ ಕಾಯೋದಲ್ಲ, ಅವತ್ತೇ ಆಸ್ಪತ್ರೆಗೆ ಹೋಗೋದು.

ನಾಲ್ಕನೇದು ಎಲ್ಲಕ್ಕಿಂತ ಮೋಸದ್ದು. ಮೂತ್ರ ನೀರಿನಷ್ಟು ತಿಳಿ ಇದೆ, ಮಗು ಗಂಟೆಗೊಮ್ಮೆ ಹೋಗುತ್ತೆ, ಎಷ್ಟು ಕುಡಿದ್ರೂ ಬಾಯಾರಿಕೆ ತೀರಲ್ಲ, ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆ, ಮೈ ಇಳೀತಿದೆ. ‘ಚೆನ್ನಾಗಿ ನೀರು ಕುಡೀತಾನೆ’ ಅಂತ ಖುಷಿ ಪಡಬೇಡಿ. ಇದು ಮಕ್ಕಳ ಸಕ್ಕರೆ ಕಾಯಿಲೆ, ಟೈಪ್ 1 ಮಧುಮೇಹ ಇರಬಹುದು. ಬಣ್ಣ ತಿಳಿ, ಆದ್ರೆ ಮೈ ಒಣಗ್ತಾ ಇರುತ್ತೆ. ಉಚ್ಚೆಗೆ ಇರುವೆ ಮುತ್ತಿದ್ರೆ ಹಳ್ಳಿಯವರು ಸಕ್ಕರೆ ಅಂತ ಗುರುತಿಸ್ತಾರೆ. ಇರುವೆಗೆ ಕಾಯಬೇಡಿ. ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಬಾಟಲಿ ಯಾಕೆ ಖಾಲಿ ಆಗಲಿಲ್ಲ?

ಈಗ ನನ್ನ ಮಗಳ ಕಥೆಗೆ ವಾಪಸ್ ಬರೋಣ. ನಾಲ್ಕನೇ ದಿನ ಸಂಜೆ ನಮ್ಮತ್ತೆ ಬಚ್ಚಲಲ್ಲಿ ನೋಡಿದ್ರು. ಬಣ್ಣ ಜೇನುತುಪ್ಪಕ್ಕಿಂತ ಗಾಢ. ಅವರು ನನ್ನ ಹಾಗೆ ಬೈಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರ್ತಾ, ‘ಯಾಕವ್ವಾ, ನೀರು ಸೇರಲ್ಲೇನು?’ ಅಂತ ಕೇಳಿದ್ರು. ಆಗ ಬಾಯಿ ಬಿಟ್ಟಳು. ‘ಕುಡಿದ್ರೆ ಒಂದಕ್ಕೆ ಬರುತ್ತಜ್ಜಿ. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ.’

ಅಷ್ಟೇ. ಒಂದು ಚಿಲಕ. ಒಂಬತ್ತು ವರ್ಷದ ಹುಡುಗಿ ಲೆಕ್ಕ ಹಾಕಿ, ಬೆಳಿಗ್ಗೆಯಿಂದ ಸಂಜೆವರೆಗೆ ನೀರನ್ನೇ ಬಿಟ್ಟಿದ್ದಳು. ನಾನು ಬಾಟಲಿ ನೋಡಿ ಅವಳನ್ನ ಹಟಮಾರಿ ಅಂದಿದ್ದೆ.

ಯಾವ ಶಾಲೆ ಅಂತ ಹೇಳಲ್ಲ, ಯಾಕಂದ್ರೆ ಇದು ಒಂದು ಶಾಲೆಯ ಕಥೆ ಅಲ್ಲ. ಚಿಲಕ ಇದ್ರೆ ನೀರಿಲ್ಲ, ನೀರಿದ್ರೆ ಬೀಗ ಹಾಕಿರುತ್ತೆ, ಎರಡೂ ಸರಿ ಇದ್ರೆ ಪಾಠದ ಮಧ್ಯೆ ಕೇಳೋಕೆ ಭಯ. ಹುಡುಗರು ಗೋಡೆ ಹಿಂದೆ ಹೋಗ್ತಾರೆ. ಹುಡುಗಿಯರು ತಡ್ಕೋತಾರೆ. ತಡೆದೂ ತಡೆದೂ ಮೂತ್ರದ ಸೋಂಕು ಬರುತ್ತೆ, ನೀರು ಕಡಿಮೆಯಾಗಿ ಮಲಬದ್ಧತೆ ಬರುತ್ತೆ, ಮಲಬದ್ಧತೆಯಿಂದ ಮತ್ತೆ ಸೋಂಕು. ಮೊದಲ ತಿಂಗಳ ಮುಟ್ಟು ಬಂದ ಮೇಲಂತೂ ಈ ಕಷ್ಟ ಇಮ್ಮಡಿ.

ಕೇರಳದ ಶಾಲೆಗಳಲ್ಲಿ ‘ವಾಟರ್ ಬೆಲ್’ ಅಂತ ಶುರುವಾಯ್ತು, ನೆನಪಿರಬಹುದು. ನೀರು ಕುಡಿಯೋಕೇ ಒಂದು ಗಂಟೆ ಹೊಡೆಯೋದು. 2019ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅದನ್ನ ನಮ್ಮ ರಾಜ್ಯದ ಶಾಲೆಗಳಲ್ಲೂ ತರೋಕೆ ಸೂಚಿಸಿದ್ರು. ಒಳ್ಳೇ ಯೋಚನೆ. ಆದ್ರೆ ನನ್ನ ಮಗಳಿಗೆ ಗಂಟೆ ಹೊಡೆದಿದ್ರೂ ಅವಳು ಬಾಟಲಿಯನ್ನ ಬಾಯಿಗೆ ತಗಲಿಸಿ ಕೆಳಗಿಡ್ತಿದ್ದಳು. ಕುಡಿಯೋ ಗಂಟೆ ಹೊಡೆದ ಮೇಲೆ ಹೋಗಿ ಬರೋಕೆ ಜಾಗವೂ ಬೇಕಲ್ವಾ?

ನಾವು ಮೂರ್ನಾಲ್ಕು ತಾಯಂದಿರು ಸೇರಿ ಹೋಗಿ ಮಾತಾಡಿದ್ವಿ. ಜಗಳ ಮಾಡಲಿಲ್ಲ. ಚಿಲಕ ತಗೊಂಡೇ ಹೋಗಿದ್ವಿ, ಜೊತೆಗೆ ನಾಲ್ಕು ಸ್ಕ್ರೂ. ಹಾಕಿಸೋಕೆ ಹತ್ತು ನಿಮಿಷ ಆಯ್ತು. ನೀರಿನ ವಿಷಯಕ್ಕೆ ಎಸ್‌ಡಿಎಂಸಿ ಸಭೆಯಲ್ಲಿ ಎರಡು ತಿಂಗಳು ಹೋಯ್ತು, ಅದು ಬೇರೆ ಕಥೆ. ಚಿಲಕ ಬಿದ್ದ ವಾರವೇ ಬಾಟಲಿ ಅರ್ಧ ಖಾಲಿಯಾಗಿ ಬಂತು.

ಅದಕ್ಕೇ ಹೇಳ್ತಿದ್ದೀನಿ, ಮೂತ್ರದ ಬಣ್ಣ ಮಗುವಿನ ಬಗ್ಗೆ ಮಾತ್ರ ಹೇಳಲ್ಲ. ಮಗು ದಿನವಿಡೀ ಇರೋ ಜಾಗದ ಬಗ್ಗೆಯೂ ಹೇಳುತ್ತೆ. ಗಾಢ ಹಳದಿ ಕಂಡ್ರೆ ಮೊದಲು ನೀರು ಕೊಡಿ. ಆಮೇಲೆ ಯಾಕೆ ಕುಡೀಲಿಲ್ಲ ಅಂತ ಕೇಳಿ, ಬೈಬೇಡಿ. ನೀರು ಬಿಸಿ ಇತ್ತಾ? ವಾಸನೆ ಇತ್ತಾ? ಬಾಟಲಿ ಮುಚ್ಚಳ ತೆಗೆಯೋಕೆ ಬರಲ್ವಾ? ಶೌಚಾಲಯ ಹೆದರಿಸುತ್ತಾ? ಉತ್ತರ ಬಹಳ ಸಲ ಇದರಲ್ಲೇ ಒಂದು.

ಎಷ್ಟು, ಏನು ಕುಡಿಸೋದು?

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ 4ರಿಂದ 8 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1.6 ಲೀಟರ್, 9ರಿಂದ 13ರ ಹುಡುಗಿಗೆ 1.9, ಹುಡುಗನಿಗೆ 2.1 ಲೀಟರ್ ನೀರು ಬೇಕು. ಇದರಲ್ಲಿ ಸಾರು, ಹಾಲು, ಹಣ್ಣಿನ ನೀರೂ ಸೇರಿದೆ. ಅದು ತಂಪು ದೇಶದ ಲೆಕ್ಕ, ನಮ್ಮ ಏಪ್ರಿಲ್‌ಗೆ ಇನ್ನೂ ಹೆಚ್ಚೇ ಬೇಕು. ಒಂದೇ ಸಲ ಒಂದು ಚೊಂಬು ಕುಡಿಸಬೇಡಿ. ಶಾಲೆಗೆ ಹೊರಡೋ ಮುಂಚೆ ಒಂದು ಲೋಟ, ಬಿಡುವಿಗೊಂದು, ಊಟಕ್ಕೊಂದು, ಆಟಕ್ಕೆ ಮೊದಲು, ಆಟದ ಮಧ್ಯೆ, ಮನೆಗೆ ಬಂದ ಮೇಲೆ. ಮಜ್ಜಿಗೆ, ಅಂಬಲಿ, ಗಂಜಿ, ಎಳನೀರು, ಕಲ್ಲಂಗಡಿ ಎಲ್ಲ ಸೈ. ಸಂಜೆ ಮಿರ್ಚಿ ಮಂಡಕ್ಕಿ ಜೊತೆ ಮಕ್ಕಳಿಗೂ ಚಹಾ ಕೊಡೋ ಅಭ್ಯಾಸ ನಮ್ಮ ಕಡೆ ಇದೆ. ಆ ಲೋಟದಲ್ಲಿ ಮಜ್ಜಿಗೆ ಇರಲಿ.

ವಾಂತಿ ಭೇದಿ ಇದ್ರೆ ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತೆ. ಆಗ ಓಆರ್‌ಎಸ್. ಅದರ ಶಕ್ತಿ ಜಗತ್ತಿಗೆ ತೋರಿಸಿದವರು ನಮ್ಮ ದೇಶದ ಡಾ. ದಿಲೀಪ್ ಮಹಲನಬಿಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ, ಡ್ರಿಪ್ ಬಾಟಲಿ ಮುಗಿದಾಗ, ಡ್ರಮ್ಮಿನಲ್ಲಿ ಉಪ್ಪು ಸಕ್ಕರೆ ನೀರು ಕಲಸಿ ಕುಡಿಸಿದ್ರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳೀತು. ಅವರಿಗೆ ಮರಣಾನಂತರ 2023ರಲ್ಲಿ ಪದ್ಮವಿಭೂಷಣ ಬಂತು.

ಅಂಗಡಿಯಲ್ಲಿ ಎಚ್ಚರ. ಹಣ್ಣಿನ ಚಿತ್ರ ಇರೋ ಸಿಹಿ ಪೊಟ್ಟಣಗಳ ಮೇಲೂ ‘ಓಆರ್‌ಎಸ್’ ಅಂತ ಬರೀತಿದ್ರು. ಹೈದರಾಬಾದಿನ ಒಬ್ಬ ಮಕ್ಕಳ ವೈದ್ಯೆ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದು ಅಂತ ಆದೇಶಿಸಿತು. ಸಕ್ಕರೆ ಹೆಚ್ಚಿದ್ರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರೋ ಪುಡಿಯ ಪೊಟ್ಟಣವನ್ನೇ ಕೇಳಿ. ಆಶಾ ಕಾರ್ಯಕರ್ತೆಯರ ಹತ್ತಿರ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅರ್ಧ ಪುಡಿ ಒಂದು ಲೋಟಕ್ಕೆ ಅನ್ನೋ ಅಂದಾಜು ಬೇಡ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿಲೀಟರ್, ಮೇಲಿನವರಿಗೆ 100ರಿಂದ 200. ಪೊಟ್ಟಣ ಸಿಗದೇ ಇದ್ರೆ, ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಯಾವಾಗ ಓಡಬೇಕು? ಕಣ್ಣು ಗುಳಿ ಬಿದ್ದಿದೆ, ಅತ್ರೆ ಕಣ್ಣೀರಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ರೆ ನಿಧಾನಕ್ಕೆ ಕೂರುತ್ತೆ, ಮಗು ಮಂಕಾಗಿದೆ, ಕುಡಿಯೋಕೂ ಆಗ್ತಿಲ್ಲ, ಕೂಸು ಆರು ಗಂಟೆ, ದೊಡ್ಡ ಮಗು ಎಂಟು ಗಂಟೆ ಮೂತ್ರ ಮಾಡಿಲ್ಲ. ಇದರಲ್ಲಿ ಯಾವುದು ಕಂಡ್ರೂ ಬಣ್ಣ ನೋಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಬರೀ ಅನುಮಾನ ಇದ್ರೆ 104 ಆರೋಗ್ಯ ಸಹಾಯವಾಣಿ ಇದೆ.

ಕೊನೆಗೆ ಒಂದೇ ಕೆಲಸ ಹೇಳಿ ಮುಗಿಸ್ತೀನಿ. ಇವತ್ತು ಸಂಜೆ ಮಗು ಮನೆಗೆ ಬಂದಾಗ ಎಷ್ಟು ಮಾರ್ಕ್ಸು ಅಂತ ಕೇಳೋಕೆ ಮುಂಚೆ, ‘ಶಾಲೆಯಲ್ಲಿ ಒಂದಕ್ಕೆ ಎಷ್ಟು ಸಲ ಹೋದೆ?’ ಅಂತ ಕೇಳಿ. ಒಂದು ಸಲವೂ ಇಲ್ಲ ಅಂದ್ರೆ, ನಾಳೆ ಬೆಳಿಗ್ಗೆ ನೀವೇ ಶಾಲೆಗೆ ಹೋಗಿ ಆ ಬಾಗಿಲನ್ನ ಒಂದ್ಸಲ ನೋಡಿ ಬನ್ನಿ.

ಮಕ್ಕಳನ್ನ ನೆರಳಲ್ಲಿ ಆಡಿಸಿ.